ದಾರಿಯಲ್ಲಿ ನಿಂತವರು ಯಾರು?

(ಧರ್ಮಕೇಂದ್ರದ ವಾರ್ಷಿಕ ಹಬ್ಬದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಒಂಬತ್ತು ದಿನಗಳ ನವೇನ ಮುಗಿಸಿ ಇಂದು ನಾವು ಹಬ್ಬದ ಸಂಭ್ರಮದಲ್ಲಿದ್ದೇವೆ. ಬಲಿಪೂಜೆ ಮುಗಿದೊಡನೆ ತೇರು ಹೊರಡಲಿದೆ. ಅದಕ್ಕೆ ಮೊದಲು ಕಳೆದ ವರ್ಷದ ಒಂದು ಸಂಗತಿಯನ್ನು ನೆನೆಯೋಣ. ಹಬ್ಬದ ಬೆಳಿಗ್ಗೆ ನಮ್ಮ ದೇವಾಲಯದ ಗೇಟಿನ ಪಕ್ಕದಲ್ಲಿ ಒಬ್ಬ ಅಜ್ಜಿ ತಲೆಸುತ್ತಿ ಕುಳಿತುಬಿಟ್ಟಿದ್ದರು. ಪೂಜೆಯ ಗಂಟೆ ಹೊಡೆದಾಗಿತ್ತು. ಗುರುಗಳು, ಗಾನವೃಂದದವರು, ಹೂ ಹಿಡಿದ ತಾಯಂದಿರು, ನಾವೆಲ್ಲರೂ ಅವರನ್ನು ದಾಟಿಕೊಂಡೇ ಒಳಗೆ ಬಂದೆವು. ಯಾರಾದರೂ ನೋಡಿಕೊಳ್ಳುತ್ತಾರೆ ಎಂದುಕೊಂಡೆವು. ನೋಡಿಕೊಂಡವರು ಕಡಲೆಪುರಿ ಮಾರಲು ಬಂದಿದ್ದ, ಬೇರೆ ಧರ್ಮದ ಒಬ್ಬ ಅಣ್ಣ. ವ್ಯಾಪಾರ ಬಿಟ್ಟು, ನೀರು ಕುಡಿಸಿ, ಆಟೋ ಹತ್ತಿಸಿ, ಆಸ್ಪತ್ರೆಯವರೆಗೂ ಜೊತೆಗೆ ಹೋದರು. ಆ ಹೊತ್ತಿಗೆ ನಾವು ಒಳಗೆ ವಿಶ್ವಾಸ ಸಂಗ್ರಹವನ್ನು ಗಟ್ಟಿಯಾಗಿ ಹೇಳುತ್ತಿದ್ದೆವು.

ವಿಶ್ವಾಸವಿದ್ದ ಮಾತ್ರಕ್ಕೆ ನಾವು ಒಳ್ಳೆಯವರಾಗುತ್ತೇವೆಯೇ?

ಯೇಸುಸ್ವಾಮಿ ಹೇಳಿದ ಸಮಾರಿಯದವನ ಸಾಮತಿ ನಮಗೆಲ್ಲ ಗೊತ್ತು. ಅದನ್ನೇ ಇಟ್ಟುಕೊಂಡು ಅಮೆರಿಕದ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನಃಶಾಸ್ತ್ರಜ್ಞರು ಒಂದು ಪರೀಕ್ಷೆ ನಡೆಸಿ 1973ರಲ್ಲಿ ಪ್ರಕಟಿಸಿದರು. ಪ್ರಿನ್ಸ್‌ಟನ್ ದೈವಶಾಸ್ತ್ರ ವಿದ್ಯಾಲಯದ 40 ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಇನ್ನೊಂದು ಕಟ್ಟಡಕ್ಕೆ ಹೋಗಿ ಮಾತನಾಡುವಂತೆ ಕಳುಹಿಸಿದರು. ಕೆಲವರು ಮಾತನಾಡಬೇಕಿದ್ದ ವಿಷಯ ಇದೇ ಸಾಮತಿ. ದಾರಿಯ ಬಾಗಿಲೊಂದರಲ್ಲಿ ಒಬ್ಬ ಮನುಷ್ಯ ತಲೆ ತಗ್ಗಿಸಿ ಕುಸಿದಿದ್ದ, ಕೆಮ್ಮಿ ನರಳುತ್ತಿದ್ದ.

ಫಲಿತಾಂಶವೇನು? ಸಮಯವಿದೆ ಎಂದು ಹೇಳಿಸಿಕೊಂಡವರಲ್ಲಿ ನೂರಕ್ಕೆ 63 ಮಂದಿ ಸಹಾಯ ಮಾಡಿದರು. ಆಗಲೇ ತಡವಾಯಿತು ಎಂದು ಹೇಳಿಸಿಕೊಂಡವರಲ್ಲಿ ನೂರಕ್ಕೆ 10 ಮಾತ್ರ. ಸಾಮತಿಯ ಮೇಲೆ ಮಾತನಾಡಲು ಹೊರಟಿದ್ದರೋ ಇಲ್ಲವೋ ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅವಸರದಲ್ಲಿ ಆತನನ್ನು ದಾಟಿಕೊಂಡೇ ಹೋದವರೂ ಉಂಟು! ಅವರೇನೂ ಕಲ್ಲೆದೆಯವರಲ್ಲ. ನಿಲ್ಲದೆ ಹೋದ ಹಲವರು ಕಳವಳದಿಂದಲೇ ಆ ಕಟ್ಟಡ ತಲುಪಿದ್ದರು.

ನಮ್ಮ ಕಥೆಯೂ ಇದೇ ಅಲ್ಲವೇ? ನಮಗೆ ಕೊರತೆಯಿದ್ದದ್ದು ವಿಶ್ವಾಸದಲ್ಲಲ್ಲ, ಬಿಡುವಿನಲ್ಲಿ. ಒಳ್ಳೆಯದು ಯಾವುದೆಂದು ವಿಶ್ವಾಸ ನಮಗೆ ತಿಳಿಸುತ್ತದೆ. ಆದರೆ ಕಾಲು ನಿಲ್ಲಿಸುವುದು ದಿನದಿನದ ಅಭ್ಯಾಸ. ಕಣಜದಲ್ಲಿಟ್ಟ ಬಿತ್ತನೆ ಬೀಜ ಬೀಜವೇ ಹೌದು, ಹೊಲಕ್ಕಿಳಿಯದೆ ಬೆಳೆಯಾಗದು. ಆ ಅಣ್ಣನಿಗೆ ನಮ್ಮ ವಿಶ್ವಾಸ ಸಂಗ್ರಹ ಬಾರದು. ನಾವು ಹೇಳಿದ್ದನ್ನು ಅವರು ಮಾಡಿದರು.

ಆದ್ದರಿಂದ ಈ ಹಬ್ಬಕ್ಕೆ ದೊಡ್ಡ ಹರಕೆ ಬೇಡ. ಪೂಜೆಗೆ ಕಾಲು ಗಂಟೆ ಮುಂಚೆ ಮನೆ ಬಿಡೋಣ. ಆ ಕಾಲು ಗಂಟೆ ದಾರಿಯಲ್ಲಿ ಸಿಗುವವರಿಗಾಗಿ ಮೀಸಲಿರಲಿ. ಮಕ್ಕಳಿಗೆ ಜಪ ಕಲಿಸುವಂತೆ ನಿಲ್ಲುವುದನ್ನೂ ಕಲಿಸೋಣ. ಇಂದು ತೇರಿನ ಹಿಂದೆ ನಡೆಯುವಾಗ ಪಕ್ಕದಲ್ಲಿ ಬಳಲಿದವರನ್ನೂ ನೋಡೋಣ. ತೇರು ಐದು ನಿಮಿಷ ತಡವಾದರೆ ನಮ್ಮ ಪಾಲಕ ಸಂತರು ಮುನಿಸಿಕೊಳ್ಳುವುದಿಲ್ಲ.

ಆ ಅಜ್ಜಿ ಇಂದು ನಮ್ಮ ನಡುವೆಯೇ ಇದ್ದಾರೆ. ಒಂದು ವರ್ಷವಾದರೂ ನಾವು ಅವರ ಕ್ಷಮೆ ಕೇಳಿಲ್ಲ. ಇನ್ನು ಸ್ವಲ್ಪ ಹೊತ್ತಿನಲ್ಲಿ ಪರಸ್ಪರ ಶಾಂತಿ ಕೋರುವಾಗ, ಮೊದಲು ಅವರ ಬಳಿಗೆ ಹೋಗೋಣ. ದಾರಿಯಲ್ಲಿ ನಿಲ್ಲುವ ಮನಸ್ಸನ್ನು ಪ್ರಭು ನಮಗೆ ದಯಪಾಲಿಸಲಿ.

ಆಮೆನ್.