ಬೇಸ್‌ಬಾಲ್ ನಾಡಿನ ಫುಟ್‌ಬಾಲ್ ನಾಯಕ



ವೆನಿಜುವೆಲಾದ ರಾಜಧಾನಿ ಕರಾಕಸ್‌ನ ಪಶ್ಚಿಮಕ್ಕೆ ಮಾರಕಾಯ್ ಎಂಬ ನಗರವಿದೆ. ಅಲ್ಲಿ 1980ರಲ್ಲಿ ಹುವಾನ್ ಅರಾಂಗೊ, 1983ರಲ್ಲಿ ಮಿಗೆಲ್ ಕಬ್ರೇರಾ ಹುಟ್ಟಿದರು. ಕಬ್ರೇರಾ ಬೇಸ್‌ಬಾಲ್ ದಾಂಡಿಗ. ಬ್ಯಾಟಿಂಗಿನ ಮೂರು ಮುಖ್ಯ ಪಟ್ಟಿಗಳಲ್ಲೂ 2012ರಲ್ಲಿ ತಮ್ಮ ಲೀಗಿಗೇ ಮೊದಲಿಗರಾಗಿ, ಅಮೆರಿಕದಲ್ಲಿ 45 ವರ್ಷಗಳಿಂದ ಯಾರೂ ಮಾಡದಿದ್ದುದನ್ನು ಮಾಡಿದರು. ಅರಾಂಗೊ ಫುಟ್‌ಬಾಲ್ ಆಟಗಾರ. ಅವರ ಹೆಸರನ್ನು ತಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರಿ?

ಕೇಳಿರದಿದ್ದರೆ ತಪ್ಪು ತಮ್ಮದಲ್ಲ. ದಕ್ಷಿಣ ಅಮೆರಿಕದಲ್ಲಿದ್ದರೂ ವೆನಿಜುವೆಲಾದ ಮೊದಲ ಪ್ರೀತಿ ಬೇಸ್‌ಬಾಲ್. 1941ರಲ್ಲಿ ಹವಾನಾದಲ್ಲಿ ಕ್ಯೂಬಾವನ್ನು ಸೋಲಿಸಿ ವಿಶ್ವ ಹವ್ಯಾಸಿ ಪ್ರಶಸ್ತಿ ಗೆದ್ದ ಮೇಲಂತೂ ಅದು ದೇಶದ ಹುಚ್ಚೇ ಆಯಿತು. ಕ್ರಿಕೆಟ್‌ನ ನೆರಳಿನಲ್ಲಿ ಉಳಿದ ಆಟಗಳ ಪಾಡು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಖಂಡದ ಫುಟ್‌ಬಾಲ್ ಒಕ್ಕೂಟದ 10 ದೇಶಗಳಲ್ಲಿ ಪುರುಷರ ವಿಶ್ವಕಪ್ ಆಡದಿರುವುದು ವೆನಿಜುವೆಲಾ ಒಂದೇ. 2026ರ ಆಸೆಯೂ ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ, ಕೊಲಂಬಿಯಾ ಎದುರು 3-6ರಿಂದ ಸೋತಾಗ ಮುಗಿಯಿತು.

ಫುಟ್‌ಬಾಲಿಗನೊಬ್ಬ ಮನೆಮಾತಾಗುವುದು ವಿಶ್ವಕಪ್‌ನಲ್ಲಿ. ಆ ವೇದಿಕೆ ಅರಾಂಗೊಗೆ ಸಿಗಲೇ ಇಲ್ಲ. ಆದರೆ ಅವರ ಎಡಗಾಲಿನ ಫ್ರೀಕಿಕ್ ಎದುರಿಸಿದವರಿಗೆ ಅವರ ಪರಿಚಯ ಚೆನ್ನಾಗಿಯೇ ಇತ್ತು. ವೃತ್ತಿಯಿಂದ ವೈದ್ಯರಾದ ರಿಚರ್ಡ್ ಪಾಯೆಸ್ ತರಬೇತುದಾರರಾಗಿದ್ದಾಗ, 2004ರ ಮಾರ್ಚ್‌ನಲ್ಲಿ ವೆನಿಜುವೆಲಾ ತಂಡ ಮಾಂಟೆವಿಡಿಯೊಗೆ ಹೋಗಿ ಎರಡು ಬಾರಿಯ ವಿಶ್ವ ಚಾಂಪಿಯನ್ ಉರುಗ್ವೆಯನ್ನು ಅದರ ಅಂಗಳದಲ್ಲೇ 3-0ಯಿಂದ ಮಣಿಸಿತು. ಮೂರನೆಯ ಗೋಲು ಅರಾಂಗೊ ಅವರದು. ಅದೇ ವರ್ಷ ಅವರು ಸ್ಪೇನಿನ ಮಯೋರ್ಕಾ ಸೇರಿದರು. 2005ರ ಪಂದ್ಯವೊಂದರಲ್ಲಿ ಎದುರಾಳಿಯ ಮೊಣಕೈ ಬಡಿದು ಮೈದಾನದಲ್ಲೇ ಪ್ರಜ್ಞೆ ತಪ್ಪಿ ಬಿದ್ದರು. ಜೀವಕ್ಕೇ ಅಪಾಯವಾಗುವಂಥ ಪೆಟ್ಟು. ಚೇತರಿಸಿಕೊಂಡು ಅದೇ ತಂಡಕ್ಕೆ 2009ರವರೆಗೆ ಆಡಿದರು.

ಬಳಿಕ ಜರ್ಮನಿಯ ಬೊರುಸಿಯಾ ಮೊಂಚೆನ್‌ಗ್ಲಾಡ್‌ಬಾಕ್. ಅಲ್ಲಿ ಜೊತೆಗಾರರಾಗಿದ್ದ ಮಾರ್ಕೊ ರಾಯ್ಸ್ ಡಾರ್ಟ್‌ಮಂಡ್‌ಗೆ, ಗೋಲ್‌ಕೀಪರ್ ಟೆರ್ ಸ್ಟೆಗನ್ ಬಾರ್ಸಿಲೋನಾಕ್ಕೆ ಹೋಗಿ ಜಗತ್ತಿಗೆಲ್ಲ ಪರಿಚಿತರಾದರು. ಅರಾಂಗೊ 2014ರಲ್ಲಿ ಮೆಕ್ಸಿಕೊದ ಟಿಹುವಾನಾ ತಂಡಕ್ಕೆ ಹೊರಟರು.

ಇಷ್ಟರಿಂದ ಅವರನ್ನು ಎರಡನೆಯ ಸಾಲಿನವರೆಂದು ಬಗೆಯುವುದು ಅವಸರದ ಮಾತು. 2011ರ ಕೋಪಾ ಅಮೆರಿಕಾದ ಕ್ವಾರ್ಟರ್‌ಫೈನಲ್‌ನಲ್ಲಿ ಚಿಲಿ ವಿರುದ್ಧದ ಮೊದಲ ಗೋಲಿಗೆ ದಾರಿಯಾದದ್ದು ಅವರ ಫ್ರೀಕಿಕ್. ಆ ಸಲ ವೆನಿಜುವೆಲಾ ನಾಲ್ಕನೆಯ ಸ್ಥಾನಕ್ಕೇರಿತು. ದೇಶಕ್ಕಾಗಿ ಅವರು ಆಡಿದ ಪಂದ್ಯಗಳು 129, ಹೊಡೆದ ಗೋಲುಗಳು 23. ಗೋಲುಗಳ ಆ ದಾಖಲೆಯನ್ನು ಸಲೊಮೋನ್ ರಾಂಡಾನ್ 2019ರಲ್ಲಿ ದಾಟಿದರು.

2011ರ ಅಕ್ಟೋಬರಿನ ಇನ್ನೊಂದು ಪಂದ್ಯವನ್ನು ಹೇಳಲೇಬೇಕು. ಪೋರ್ಟೊ ಲಾ ಕ್ರೂಸ್‌ನಲ್ಲಿ ಅರ್ಜೆಂಟೀನಾ ಎದುರಾಳಿ. ಅರಾಂಗೊ ಕಾರ್ನರ್‌ನಿಂದ ಚೆಂಡು ತೂರಿದರು, ಅಮೊರೆಬಿಯೆಟಾ ತಲೆ ಕೊಟ್ಟರು. 1-0. ಅರ್ಜೆಂಟೀನಾವನ್ನು ವೆನಿಜುವೆಲಾ ಸೋಲಿಸಿದ್ದು ಅದೇ ಮೊದಲು. ಆ ಅರ್ಜೆಂಟೀನಾ ತಂಡದಲ್ಲಿ ಮೆಸ್ಸಿಯೂ ಆಡಿದ್ದರು.