ಗಿರಣಿಯ ಪಗಾರ, ಖಾನಾವಳಿಯ ಒಲೆ



ಕೈಗಾರಿಕೆ ಬೆಳೆದರೆ ಬಡತನ ಕಡಿಮೆಯಾಗುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದು ಹೇಗೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ, ನಮ್ಮ ದಾದರ್, ಪರೇಲ್ ಸಾಕು.

1854ರಲ್ಲಿ ಕಾವಸ್‌ಜಿ ದಾವರ್ ಮುಂಬಯಿಯ ಮೊದಲ ಬಟ್ಟೆ ಗಿರಣಿಗೆ ಕಂಪನಿ ಕಟ್ಟಿದರು. ಮುಂದೆ ಗಿರಣಿಗಳು ದಾದರ್‌ವರೆಗೂ ಹಬ್ಬಿ, ಈ ಭಾಗಕ್ಕೆ ಗಿರಣಗಾಂವ್ ಎಂದೇ ಹೆಸರಾಯಿತು. ಕೊಂಕಣ, ಸಾತಾರಾ ಕಡೆಯ ಬಡ ರೈತರ ಮಕ್ಕಳು ಇಲ್ಲಿಗೆ ಬಂದರು. ಗಿರಣಿ ಅವರನ್ನು ಡಿಗ್ರಿ ಕೇಳಲಿಲ್ಲ, ದುಡಿಯುವ ಕೈ ಕೇಳಿತು. ಹಾಗೆಂದು ಅದೇನೂ ಸ್ವರ್ಗವಾಗಿರಲಿಲ್ಲ. ಹತ್ತಿಯ ಧೂಳು ಎದೆಗೆ ಇಳಿಯುತ್ತಿತ್ತು. 'ಬದಲಿ' ಕೆಲಸಗಾರರು ಇಂದು ಕೆಲಸ ಸಿಕ್ಕೀತೇ ಎಂದು ಗೇಟಿನಲ್ಲಿ ಕಾಯಬೇಕಿತ್ತು.

ಆದರೆ ಪಗಾರ ಗಿರಣಿಯವನ ಕಿಸೆಯಲ್ಲೇ ಉಳಿಯುತ್ತಿರಲಿಲ್ಲ. ಒಂದು ಪಾಲು ಮನಿ ಆರ್ಡರ್ ಆಗಿ ಊರಿಗೆ ಹೋಗುತ್ತಿತ್ತು. ಇನ್ನೊಂದು ಪಾಲು ಚಾಳಿನ ಖಾನಾವಳಿಗೆ. ಸಂಸಾರ ಊರಲ್ಲಿ ಬಿಟ್ಟು ಬಂದವರಿಗೆ ಅಡುಗೆ ಮಾಡಿ ಬಡಿಸಿ ಎಷ್ಟೋ ಹೆಂಗಸರು ತಮ್ಮ ಮನೆ ನಡೆಸಿದರು. ಸಾಲಕ್ಕೆ ಲೇವಾದೇವಿಯವರ ಕೈ ನೋಡುತ್ತಿದ್ದ ಈ ಹೆಂಗಸರನ್ನು 1975ರಲ್ಲಿ ಪ್ರೇಮಾ ಪುರವ್ ಒಟ್ಟುಗೂಡಿಸಿದರು. 'ಅನ್ನಪೂರ್ಣಾ ಮಹಿಳಾ ಮಂಡಳ' ಹುಟ್ಟಿತು, ಬ್ಯಾಂಕಿನ ಸಾಲದ ಬಾಗಿಲು ತೆರೆಯಿತು.

1982ರ ಜನವರಿ 18. ದತ್ತಾ ಸಾಮಂತ್ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರಕ್ಕಿಳಿದರು. ಮುಷ್ಕರ ವರ್ಷ ದಾಟಿತು. ಅನೇಕರು ಊರಿಗೆ ಮರಳಿದರು, ಸಾವಿರಾರು ಮಂದಿಗೆ ಮತ್ತೆ ಕೆಲಸ ಸಿಗಲಿಲ್ಲ. ಉಣ್ಣುವವರೇ ಇಲ್ಲದ ಮೇಲೆ ಖಾನಾವಳಿಯ ಒಲೆ ಉರಿಯುವುದೆಲ್ಲಿ? ಅನ್ನಪೂರ್ಣೆಯರು ಕೇಟರಿಂಗ್ ಕಡೆ ತಿರುಗಬೇಕಾಯಿತು.

ಈಗ ಶಿವಾಜಿ ಪಾರ್ಕ್ ಕಡೆ ಹೋಗುವಾಗ ತಲೆಯೆತ್ತಿ ನೋಡಿ. ಕೊಹಿನೂರ್ ಮಿಲ್ಲಿನ ಜಾಗದಲ್ಲಿ ಕೊಹಿನೂರ್ ಸ್ಕ್ವೇರ್ ನಿಂತಿದೆ. ಇಂಥ ಟವರುಗಳಲ್ಲೂ ಕೆಲಸವಿದೆ, ಸಂಬಳವೂ ಚೆನ್ನಾಗಿದೆ, ಆದರೆ ಓದಿದವರಿಗೆ. ಓದದೆ ಬಂದವನಿಗೆ ಹೆಚ್ಚಾಗಿ ಸಿಗುವುದು ವಾಚ್‌ಮನ್ ಕೆಲಸ, ಇಲ್ಲವೇ ಕಸ ಗುಡಿಸುವ ಕೆಲಸ. ಅದೂ ಕಂತ್ರಾಟಿನ ಮೇಲೆ.

ಹೋಟೆಲಿನಲ್ಲಿ ಲೋಟ ತೊಳೆಯುತ್ತಾ ಈ ನಗರದಲ್ಲಿ ಕಾಲೂರಿದ ನಮ್ಮ ಕರಾವಳಿಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದುಡಿಯುವ ಒಬ್ಬನ ಹಿಂದೆ ಉಣ್ಣುವ ಬಾಯಿ ಎಷ್ಟಿರುತ್ತವೆ ಎಂದು ಅವರು ಬಲ್ಲರು.

ನಾಳೆ ನಿಮ್ಮ ಊರಿಗೂ ಕಾರ್ಖಾನೆ ಬಂದೀತು. ಎಷ್ಟು ಕೋಟಿ ಬಂಡವಾಳ ಎಂದು ಅವರೇ ಹೇಳುತ್ತಾರೆ. ಎಷ್ಟು ಜನರಿಗೆ ಕೆಲಸ, ಅದರಲ್ಲಿ ಕಾಯಂ ಎಷ್ಟು, ಆ ಪಗಾರದಿಂದ ಎಷ್ಟು ಮನೆಯ ಒಲೆ ಉರಿದೀತು ಎಂದು ನೀವು ಕೇಳಿ. ಬಡತನದ ಲೆಕ್ಕ ಇರುವುದು ಅಲ್ಲಿ.