ವಾಯುಮಂಡಲದ ಶೀತೋಷ್ಣಗಳು



ಬೇಸಗೆಯ ಬೇಗೆಯನ್ನು ತಾಳಲಾರದವರು ಉದಕಮಂಡಲಕ್ಕೆ ಹೋಗುವುದುಂಟು. ಸಮುದ್ರಮಟ್ಟದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಮೇಲೇರಿ, ಅಷ್ಟುಮಟ್ಟಿಗೆ ಸೂರ್ಯನಿಗೆ ಹತ್ತಿರವಾದರೂ ಅಲ್ಲಿ ಚಳಿಯೇ ಹೆಚ್ಚು. ಇದಕ್ಕೆ ಕಾರಣವೇನು? ಸೂರ್ಯನ ಬೆಳಕು ಬಹುಮಟ್ಟಿಗೆ ಗಾಳಿಯನ್ನು ಹಾದುಬಂದು ನೆಲವನ್ನು ಕಾಯಿಸುತ್ತದೆ. ಕಾದ ನೆಲವು ಗಾಳಿಯನ್ನು ಕಾಯಿಸುತ್ತದೆ. ಆ ಗಾಳಿಯು ಮೇಲೇರುತ್ತ, ಒತ್ತಡವು ತಗ್ಗಿದಂತೆಲ್ಲ ಹಿಗ್ಗಿ ತಣ್ಣಗಾಗುತ್ತದೆ. ಒಲೆಯು ಕೆಳಗಿರುವುದರಿಂದ ಮೇಲೆ ಹೋದಷ್ಟೂ ತಂಪು. ಈ ಇಳಿತವು ಸರಾಸರಿಯಲ್ಲಿ ಕಿಲೋಮೀಟರೊಂದಕ್ಕೆ ಆರೂವರೆ ಡಿಗ್ರಿ ಸೆಂಟಿಗ್ರೇಡು.

ಹಾಗಾದರೆ ಈ ಇಳಿತಕ್ಕೆ ಕೊನೆಯುಂಟೆ? ಫ್ರಾನ್ಸ್ ದೇಶದ ಲೆಯೊನ್ ತೆಸ್ರಾಂ ದ ಬೋರ್ ಎಂಬ ವಿಜ್ಞಾನಿಯು ಪ್ಯಾರಿಸ್ ಬಳಿಯ ತ್ರಾಪ್ ಎಂಬಲ್ಲಿಂದ ಉಷ್ಣಮಾಪಕಗಳನ್ನು ಹೊತ್ತ ಬೆಲೂನುಗಳನ್ನು ಹಾರಿಬಿಡುತ್ತಿದ್ದನು. ಸುಮಾರು 11 ಕಿಲೋಮೀಟರಿನಾಚೆ ಉಷ್ಣತೆಯು ಇಳಿಯದೆ ನಿಂತುಬಿಟ್ಟಿತು. ಬಿಸಿಲು ತಗುಲಿ ಉಪಕರಣವೇ ತಪ್ಪು ಹೇಳುತ್ತಿರಬಹುದೆಂದು ಶಂಕಿಸಿ, ಅವನು ರಾತ್ರಿಯ ವೇಳೆಯಲ್ಲಿಯೂ ಹಾರಿಸಿ ನೋಡಿದನು. ಫಲವು ಅದೇ. 200ಕ್ಕೂ ಮಿಕ್ಕಿದ ಹಾರಾಟಗಳಾದ ಬಳಿಕ, 1902ರಲ್ಲಿ, ಅದನ್ನು ಪ್ರಕಟಿಸಿದನು. ಕೆಳಗಿನ ಪದರಕ್ಕೆ ಟ್ರೋಪೋಸ್ಫಿಯರ್, ಮೇಲಿನದಕ್ಕೆ ಸ್ಟ್ರಾಟೋಸ್ಫಿಯರ್ ಎಂಬ ಹೆಸರುಗಳು ಅವನವೇ.

ಇವೆರಡರ ಗಡಿಯು ನಮ್ಮ ಉಷ್ಣವಲಯದಲ್ಲಿ 16–17 ಕಿಲೋಮೀಟರು ಎತ್ತರದಲ್ಲಿದೆ. ಅಲ್ಲಿಯವರೆಗೂ ಇಳಿತವು ಮುಂದುವರಿಯುವುದರಿಂದ ಆ ಎತ್ತರದಲ್ಲಿ ಉಷ್ಣತೆಯು ಸೊನ್ನೆಗಿಂತ ಸುಮಾರು 80 ಡಿಗ್ರಿ ಕೆಳಗಿರುತ್ತದೆ. ಸೆಕೆಯ ನಾಡಿನ ನೆತ್ತಿಯ ಮೇಲೆಯೇ ಇಂಥ ಕಡುಶೀತವಿರುವುದು ಸೋಜಿಗವಲ್ಲವೆ?

ಅದರಾಚೆ ಉಷ್ಣತೆಯು ಮತ್ತೆ ಏರುತ್ತ, 50 ಕಿಲೋಮೀಟರಿನ ಬಳಿ ಸೊನ್ನೆಯ ಸಮೀಪಕ್ಕೆ ಬರುತ್ತದೆ. ಇಲ್ಲಿ ಎರಡನೆಯ ಒಲೆಯುಂಟು, ಅದೇ ಓಜೋನ್. ಈ ಅನಿಲವು ಸೂರ್ಯನ ನೇರಿಳೆಯಾಚೆಯ ಕಿರಣಗಳನ್ನು ಹೀರಿ ಬಿಸಿಯಾಗುತ್ತದೆ. ಇನ್ನೂ ಮೇಲೆ ಓಜೋನ್ ವಿರಳವಾಗುತ್ತಲೇ ಚಳಿಯು ಮರುಕಳಿಸಿ, 85 ಕಿಲೋಮೀಟರಿನ ಬಳಿ ಸೊನ್ನೆಗಿಂತ 90 ಡಿಗ್ರಿಯಷ್ಟು ಕೆಳಗಿಳಿಯುತ್ತದೆ. ಅದರಾಚೆ ಅತಿ ತೆಳುವಾದ ಅನಿಲವು ಸೂರ್ಯನ ತೀಕ್ಷ್ಣತಮ ಕಿರಣಗಳನ್ನು ಹೀರುವುದರಿಂದ ಉಷ್ಣತೆಯು ಸಾವಿರ ಡಿಗ್ರಿಯನ್ನೂ ಮೀರಬಹುದು. ಆದರೆ ಕಣಗಳು ಅತ್ಯಲ್ಪವಾದ್ದರಿಂದ ಅಲ್ಲಿ ಮೈಸುಡುವ ಕಾವಿಲ್ಲ.

ಆದುದರಿಂದ ಗಾಳಿಯ ಬಿಸಿತಂಪುಗಳನ್ನು ನಿರ್ಣಯಿಸುವುದು ಎತ್ತರವೊಂದೇ ಅಲ್ಲ. ಯಾವ ಕಿರಣವು ಎಲ್ಲಿ ತಡೆಯಲ್ಪಡುತ್ತದೆಂಬುದು ಮುಖ್ಯ. ಓಜೋನ್ ಪದರದ ಕಾವು ನಮ್ಮ ಚರ್ಮಕ್ಕೂ ಕಣ್ಣಿಗೂ ಪೈರಿಗೂ ತಗುಲಬೇಕಾಗಿದ್ದ ಪೆಟ್ಟಿನ ಕಾವು. ಶೀತಕಯಂತ್ರ ಮೊದಲಾದುವುಗಳಿಂದ ಸೋರಿದ ಕ್ಲೋರೀನ್‌ಯುಕ್ತ ಅನಿಲಗಳು ಈ ಕವಚವನ್ನು ಸವೆಸುತ್ತಿದ್ದುವು. ದಕ್ಷಿಣ ಧ್ರುವಪ್ರದೇಶದ ಮೇಲೆ ಅದು ಬಹಳ ತೆಳುವಾಗಿರುವುದು 1985ರಲ್ಲಿ ಪ್ರಕಟವಾಯಿತು; 1987ರಲ್ಲಿ ಮಾಂಟ್ರಿಯಲ್ ನಗರದಲ್ಲಿ ರಾಷ್ಟ್ರಗಳು ಆ ಅನಿಲಗಳನ್ನು ಕಡಮೆಮಾಡಲು ಒಪ್ಪಂದ ಮಾಡಿಕೊಂಡುವು. ಕವಚವು ಈಗ ಮೆಲ್ಲಮೆಲ್ಲನೆ ಚೇತರಿಸಿಕೊಳ್ಳುತ್ತಿದೆ.